ಹಗ್ಗ ಎಳೆದವರ ಹೆಸರು ಅಳಿಸಬೇಕಂತೆ

ಮಾನ್ಯರೇ,

ವಿಶ್ವವಿದ್ಯಾನಿಲಯದ ಪ್ರಬಂಧ ಪರಿಶೀಲನಾ ಶಾಖೆಯ ಮುಖ್ಯಸ್ಥರಾದ ತಾವು ನನ್ನ ಪಿಎಚ್‌.ಡಿ. ಪ್ರಬಂಧವನ್ನು ಮೂರನೇ ಸಲ ಹಿಂತಿರುಗಿಸಿದ್ದೀರಿ. ಒಳಗೆ ಬರೆದದ್ದರ ಬಗ್ಗೆ ಮೂರು ಸಲವೂ ತಮ್ಮ ತಕರಾರಿರಲಿಲ್ಲ. ತಕರಾರೆಲ್ಲ ಕೊನೆಯ ಹಾಳೆಗಳ ಆಕರಪಟ್ಟಿಯ ಮೇಲೆ. ಮೊದಲೆರಡು ಸಲ ಚುಕ್ಕಿ, ಅಲ್ಪವಿರಾಮ, ಓರೆ ಅಕ್ಷರ ಸರಿಮಾಡಿ ಎಂದಿರಿ, ಮಾಡಿದೆ. ಈ ಸಲ ಮನುಷ್ಯರನ್ನೇ ತೆಗೆಯಿರಿ ಎಂದಿದ್ದೀರಿ. ಕಚೇರಿಯ ವಿಳಾಸಕ್ಕೆ ಬರೆದ ಮನವಿಗೆ ಉತ್ತರ ಬರಲಿಲ್ಲ. ಜಗಳಕ್ಕೆ ತ್ರಾಣ ಉಳಿದಿಲ್ಲವಾದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಬೈಂದೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಮನೆ ಉಪ್ಪುಂದ. ಇಂಗ್ಲಿಷಿನಲ್ಲಿ ಬರೆದ ನನ್ನ ಪ್ರಬಂಧ ಕೈರಂಪಣಿಯ ಕುರಿತು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ: ದೋಣಿಯಲ್ಲಿ ಹೋಗಿ ಕಡಲಿಗೆ ಬಲೆ ಸುತ್ತಿ ಬರುತ್ತಾರೆ, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಗಂಡಸರು, ಹೆಂಗಸರು ಸಾಲಾಗಿ ಹಿಡಿದು ಎಳೆಯುತ್ತಾರೆ. ಬಂದ ಮೀನಿನಲ್ಲಿ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ದಾರಿಹೋಕ ಬಂದು ಎರಡು ಮಾರು ಎಳೆದರೂ ಅವನ ಕೈಗೆ ನಾಲ್ಕು ಬಂಗುಡೆ ಹಾಕದೆ ಕಳಿಸುವುದಿಲ್ಲ. ಈ ಪಾಲಿನ ಲೆಕ್ಕಾಚಾರದ ಹಿಂದಿನ ನ್ಯಾಯ ಯಾವುದು ಎಂಬುದೇ ನನ್ನ ಪ್ರಬಂಧ. ಇದರ ಆಕರಪಟ್ಟಿಯಲ್ಲಿ ಯಾರಿಗೆ ಪಾಲು ಎಂಬ ತಂಟೆ ನನ್ನ ತಲೆಗೆ ಸುತ್ತಿಕೊಳ್ಳುತ್ತದೆಂದು ಅಂದುಕೊಂಡಿರಲಿಲ್ಲ.

ನಮ್ಮ ದಡದ ರಂಪಣಿಗೆ ಬಚ್ಚಣ್ಣ ಮುಖಂಡರು. ಆದರೆ ನನಗೆ ಹೆಚ್ಚು ಹೇಳಿದವರು ಸೀತು. ನಾವು ಕರೆಯುವುದು ಸೀತಕ್ಕ ಎಂದು. ಗಂಡ ಸತ್ತ ಮನೆಗೆ ಪಾಲು ಎಷ್ಟು ವರ್ಷ ಹೋಗಬೇಕು, ಬಸುರಿಗೆ ಯಾಕೆ ಎಳೆಯದೆಯೂ ಪಾಲು, ಕುಡಿದು ಬಂದವನ ಪಾಲು ಯಾರ ಕೈಗೆ ಕೊಡಬೇಕು ಎಂಬುದನ್ನೆಲ್ಲ ಮೀನು ಹೆಕ್ಕುತ್ತಲೇ ಹೇಳಿದವರು. ಅವರು ಹೇಳುವಾಗ ಉಳಿದವರು ಸುತ್ತ ಕುಳಿತು ತಿದ್ದುತ್ತಿದ್ದರು, ಸೇರಿಸುತ್ತಿದ್ದರು. ಇದನ್ನು ಯಾರು ಹೇಳಿದರೆಂದು ಬರೆದುಕೊಳ್ಳಲಿ ಎಂದು ಕೇಳಿದೆ. "ಎಲ್ಲರ್ ಹೆಸ್ರೂ ಹಾಕ್ ಹೆಣೆ. ಒಬ್ಬರದ್ದ್ ಹಾಕಿ ಒಬ್ಬರದ್ದ್ ಬಿಡುದ್ ಎಂತಕೆ?" ಎಂದರು ಬಚ್ಚಣ್ಣ. ಸೀತಕ್ಕ ಮಾತ್ರ ನನ್ನನ್ನು ಬದಿಗೆ ಕರೆದು, "ನನ್ನ ಹೆಸ್ರ್ ಕಾಂಬಾಂಗ್ ಹಾಕ್ ಅಕಾ. ರೇಷನ್ ಕಾರ್ಡ್ ಬಿಟ್ರೆ ನನ್ನ ಹೆಸ್ರ್ ಎಲ್ಲೂ ಇಲ್ಲೆ," ಎಂದರು. ಅವರು ನನ್ನಿಂದ ಬೇರೇನನ್ನೂ ಕೇಳಿಲ್ಲ. ನಾನು ಹೂಂ ಅಂದೆ.

ಪಟ್ಟಿ ಮಾಡಲು ಅಂತರ್ಜಾಲದ ಟೂಲ್ ಒಂದಿದೆ, ಉಚಿತ, ಅದರಲ್ಲೇ ಮಾಡಿ ಎಂದು ತಮ್ಮ ಸುತ್ತೋಲೆಯೇ ಹೇಳಿತ್ತು. ಕುಂದಾಪುರದ ಸೈಬರ್ ಕೆಫೆಯಲ್ಲಿ ಕುಳಿತೆ. ಟೂಲಿನ ಮೇಲೆ ನನಗೆ ಸಿಟ್ಟಿಲ್ಲ, ಪುಸ್ತಕದ ಹೆಸರು ಕೊಟ್ಟರೆ ಕ್ಷಣದಲ್ಲಿ ಎಲ್ಲವನ್ನೂ ಜೋಡಿಸಿಕೊಡುವ ಪಾಪದ್ದು. ಆದರೆ ಅದಕ್ಕೆ ಕುಲನಾಮ ಬೇಕು. ಸೀತಕ್ಕನಿಗೆ ಕುಲನಾಮ ಎಲ್ಲಿಂದ ತರಲಿ? ಊರಿನ ಹೆಸರು ತುಂಬಿಸಿದೆ. ಆಮೇಲೆ ರಂಪಣಿಯ ಪದ್ಧತಿಯಂತೆ, ಹೇಳಿದವರನ್ನೆಲ್ಲ ಆ ಮಾತುಕತೆಯ ಕರ್ತೃಗಳೆಂದು ಒಬ್ಬೊಬ್ಬರಾಗಿ ಸೇರಿಸಿದೆ. ಆಕರ ಬರೆಯಲು ತಾವು ಆಗ ಹೇಳಿದ್ದ ಎಂ.ಎಲ್‌.ಎ. ಶೈಲಿ ಎಂದು ಒತ್ತಿದೊಡನೆ ಎಲ್ಲರೂ ಮಾಯವಾಗಿ ಒಂದೇ ಸಾಲು ಬಂತು: ಬಚ್ಚ ಮತ್ತು ಇತರರು. ಜನ ಜಾಸ್ತಿಯಾದರೆ ಮೊದಲನೆಯವರನ್ನು ಬಿಟ್ಟು ಉಳಿದವರನ್ನು ಹಾಗೆ ಮಡಚಿಡುವುದು ನಿಯಮವಂತೆ. ಬಚ್ಚಣ್ಣನಿಗೆ ತೋರಿಸಿದ್ದರೆ ನಾಚಿಕೆಯಿಂದ ಊರು ಬಿಡುತ್ತಿದ್ದರೇನೋ. ನಾನೇ ಕೂತು ಪ್ರತಿಯೊಬ್ಬರನ್ನೂ ಬೇರೆ ಬೇರೆ ಸಂದರ್ಶನವೆಂದು ಮತ್ತೆ ತುಂಬಿಸಿದೆ, ಸೀತಕ್ಕನಿಗೆ ಪೂರ್ತಿ ಒಂದು ಸಾಲು ಸಿಕ್ಕಿತು. ಆ ದಿನ ಬಸ್ಸಿನಲ್ಲಿ ಮರವಂತೆ ದಾಟುವಾಗ ಎಷ್ಟೋ ದಿನಗಳ ನಂತರ ಖುಷಿಯಾಗಿದ್ದೆ.

ಅಷ್ಟರಲ್ಲಿ ತಮ್ಮ ಇನ್ನೊಂದು ಸುತ್ತೋಲೆ: ಇನ್ನು ಮುಂದೆ ಎ.ಪಿ.ಎ. ಶೈಲಿ. ಯಾಕೆ ಎಂದು ಕೇಳುವ ಹಕ್ಕು ನಮಗಿಲ್ಲ, ಬಿಡಿ. ಬದಲಾಯಿಸಿ ಕೊಟ್ಟೆ. ಆಗ ಬಂತು ಈ ಮೂರನೆಯ ಟಿಪ್ಪಣಿ: ಈ ಶೈಲಿಯಲ್ಲಿ ಖಾಸಗಿ ಮಾತುಕತೆಗೆ ಆಕರಪಟ್ಟಿಯಲ್ಲಿ ಜಾಗವಿಲ್ಲ, ಏಕೆಂದರೆ ಓದುಗರು ಆ ಮೂಲವನ್ನು ಹುಡುಕಿ ತಲುಪಲಾರರು; ಅದೇ ಮಾಹಿತಿಗೆ ಪ್ರಕಟಿತ ಆಕರವನ್ನು ಕೊಡತಕ್ಕದ್ದು. ರಜೆ ಹಾಕಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಸಹಾಯಕರು ಸಮಾಧಾನದಿಂದಲೇ ಹೇಳಿದರು: "ಯಾಕೆ ಮೇಡಂ ಇಷ್ಟು ತಲೆಬಿಸಿ? ಆ ಹೆಸರುಗಳನ್ನು ತೆಗೆದುಬಿಡಿ. ಈ ವಿಷಯದ ಮೇಲೆ ಯಾವುದಾದರೂ ಪೇಪರ್ ಇದ್ದೇ ಇರುತ್ತದೆ, ಅದನ್ನು ಹಾಕಿ."

ಇದೆ ಸ್ವಾಮಿ. ನನ್ನ ದುರದೃಷ್ಟಕ್ಕೆ ನಿಜವಾಗಿಯೂ ಇದೆ. ಕೆಲವು ವರ್ಷಗಳ ಹಿಂದೆ ದೂರದ ವಿದ್ವಾಂಸರೊಬ್ಬರು ನಮ್ಮ ದಡಕ್ಕೆ ಬಂದು, ಒಂದು ಬೆಳಗ್ಗೆ ಸೀತಕ್ಕನ ಹತ್ತಿರ ಮಾತಾಡಿ, ಎಳನೀರು ಕುಡಿದು ಹೋದರು. ಅವರ ಲೇಖನದಲ್ಲಿ ಗಂಡ ಸತ್ತ ಮನೆಯ ಪಾಲು, ಬಸುರಿಯ ಪಾಲು, ಎಲ್ಲವೂ ಇದೆ. ಹೇಳಿದವರು ಯಾರು? 'ಸ್ಥಳೀಯ ಮಹಿಳೆಯೊಬ್ಬರು'. ಟೂಲಿಗೆ ಆ ಲೇಖನದ ಹೆಸರು ಕೊಟ್ಟ ಕೂಡಲೇ ಕುಲನಾಮ, ಇಸವಿ, ಪುಟಸಂಖ್ಯೆ ಸಮೇತ ಒಂದು ತಪ್ಪಿಲ್ಲದ ಸಾಲು ಬಂತು. ಇನ್ನು ನಾನು ಮಾಡಬೇಕಾದದ್ದಿಷ್ಟೇ: ಸೀತಕ್ಕ ನನ್ನ ಎದುರು ಕುಳಿತು ಹೇಳಿದ ಪ್ರತಿ ಮಾತಿನ ಮುಂದೆಯೂ ಆ ವಿದ್ವಾಂಸರ ಹೆಸರು ಬರೆಯುವುದು. ಇನ್ನೊಬ್ಬರ ಮಾತನ್ನು ತನ್ನದೆಂದು ಬರೆದರೆ ಕೃತಿಚೌರ್ಯ ಎನ್ನುತ್ತೀರಿ, ಪದವಿ ಕಿತ್ತುಕೊಳ್ಳುತ್ತೀರಿ. ಒಬ್ಬರ ಮಾತನ್ನು ಮತ್ತೊಬ್ಬರ ಹೆಸರಿಗೆ ಬರೆಯಲು ತಾವೇ ಹೇಳಿದರೆ ಅದಕ್ಕೆ ಏನೆನ್ನುತ್ತೀರಿ?

ತಲುಪಲಾರರು ಎಂಬ ಮಾತು ನನಗೆ ಇನ್ನೂ ಅರ್ಥವಾಗಿಲ್ಲ. ಹಿಂದೊಮ್ಮೆ ಓದಿದ್ದ ಆ ಲೇಖನದ ಕೊಂಡಿಯನ್ನು ಮತ್ತೆ ಒತ್ತಿದೆ. ಪುಟ ಲಭ್ಯವಿಲ್ಲ ಎಂದು ಬಂತು. ಸೀತಕ್ಕ ಲಭ್ಯವಿದ್ದಾರೆ. ಉಪ್ಪುಂದದಲ್ಲಿ ಬಸ್ಸಿಳಿದು ಕಡಲ ಕಡೆ ನಡೆದು ಯಾರನ್ನು ಕೇಳಿದರೂ ಮನೆಯ ಬಾಗಿಲವರೆಗೆ ಬಿಟ್ಟುಬರುತ್ತಾರೆ.

ಮೊನ್ನೆ ಸೀತಕ್ಕ ದಾರಿಯಲ್ಲಿ ಸಿಕ್ಕಿದರು. ತಲೆಯ ಮೇಲೆ ಮೀನಿನ ಬುಟ್ಟಿ. "ಪುಸ್ತಕ ಆಯ್ತಾ ಹೆಣೆ? ಮೊಮ್ಮಗಳಿಗೆ ಇಂಗ್ಲಿಷ್ ಓದುಕ್ ಬತ್ತ್. ನನ್ನ ಹೆಸ್ರ್ ಇಪ್ಪು ಪುಟ ಯಾವ್ದ್ ಅಂದ್ ಹೇಳ್, ಅವ್ಳ ಹತ್ರ ಓದಿಸ್ಕಂತೆ," ಎಂದರು. ನಾನು ಏನೋ ಗೊಣಗಿ, ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳೆದುರು ನಿಂತು ಪಾಠ ಹೇಳುವವಳು ಆ ರಸ್ತೆಯಲ್ಲಿ ಸುಳ್ಳು ಹೇಳಿ ಓಡಿದ್ದೆ. ನಾಚಿಕೆಯಾಯಿತು.

ಈ ತಿಂಗಳ ಕೊನೆಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ತಿದ್ದಿ ಕೊಡದಿದ್ದರೆ ಏಳು ವರ್ಷದ ಕೆಲಸ ಮುಗಿಯಿತು ಎಂದು ತಮ್ಮ ಸಹಾಯಕರು ನೆನಪಿಸಿದ್ದಾರೆ, ಉಪಕಾರ. ಹೆಸರುಗಳನ್ನೆಲ್ಲ ಪಟ್ಟಿಯಲ್ಲೇ ಉಳಿಸಿ, ಅದೇ ಪ್ರಬಂಧವನ್ನು ನಾಲ್ಕನೇ ಸಲ ಸಲ್ಲಿಸುತ್ತಿದ್ದೇನೆ. ಸ್ವೀಕರಿಸಿ. ನಿಯಮ ಅಡ್ಡ ಬಂದರೆ, ನಿಯಮ ಮಾಡಿದವರು ತಾವೇ, ತಿದ್ದಿ.

ಅದೂ ಆಗದು ಎಂದಾದರೆ ನನಗೆ ಇನ್ನೊಂದು ಟಿಪ್ಪಣಿ ಕಳಿಸಬೇಡಿ. ಒಂದು ದಿನ ಉಪ್ಪುಂದಕ್ಕೆ ಬನ್ನಿ, ನಾನೇ ಸೀತಕ್ಕನ ಮನೆಗೆ ಕರೆದುಕೊಂಡು ಹೋಗುತ್ತೇನೆ. 'ನೀವು ಹೇಳಿದ್ದು ನಿಮ್ಮದಲ್ಲ' ಎಂದು ಆ ಮೊಮ್ಮಗಳ ಎದುರಿಗೆ ತಾವೇ ಅವರಿಗೆ ಹೇಳಿ. ನನ್ನಿಂದ ಅದು ಆಗುವುದಿಲ್ಲ.

ಇಂತಿ,
ಪದವಿಗಿಂತ ಮುಂಚೆ ಬೇಸರವನ್ನು ಪೂರೈಸಿರುವ
ವಿನಯಾ, ಉಪ್ಪುಂದ