ಶಾಲೆ ತಪ್ಪಿಸಿದ ಮೂಗು

ಕುಟ್ಟಿಚಿರ, ಕಲ್ಲಿಕೋಟೆ
ನವೆಂಬರ್ ೯, ಭಾನುವಾರ

ನನ್ನ ಮಗಳು ನಜ್ಮ ಮೋಳಿಗೆ ಉಮ್ಮನ ಸಲಾಂ, ಹಣೆಗೊಂದು ಮುತ್ತು.

ಪ್ರತಿ ಶುಕ್ರವಾರ ಫೋನಿನಲ್ಲಿ ಮಾತಾಡುವ ಉಮ್ಮ ಈಗೇಕೆ ತಿರುವನಂತಪುರಕ್ಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಾದರೆ ನೀನು "ಹೂಂ ಉಮ್ಮಾ, ಆಮೇಲೆ?" ಎಂದು ನಿನ್ನ ರೇಡಿಯೋ ಕಾರ್ಯಕ್ರಮದಲ್ಲಿ ಕೇಳುವ ಹಾಗೆಯೇ ಕೇಳುತ್ತೀ, ಹೇಳಬೇಕೆಂದದ್ದು ನನ್ನ ಗಂಟಲಲ್ಲೇ ಉಳಿದುಬಿಡುತ್ತದೆ.

ನೀನು ಕಳಿಸಿದ ಮಂಡಿನೋವಿನ ಎಣ್ಣೆ ಮೂರು ಬಾಟಲಿಯೂ ತೆರೆಯದೆ ಹಾಗೇ ಇದೆ. ನನ್ನ ಮಂಡಿ ಗಟ್ಟಿಯಾಗಿದೆ. ಮದುವೆ ಅಡುಗೆ ಬಿಟ್ಟದ್ದು ಮಂಡಿಯಿಂದಲ್ಲ, ಮೂಗಿನಿಂದ.

ಕಳೆದ ಡಿಸೆಂಬರಿನಲ್ಲಿ ಒಂದು ವಾರ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು, ಮೀನುಸಾರು ಖಾರದ ನೀರಾಯಿತು. ಹುಳಿ ಬಂದ ಹಾಲಿನಲ್ಲಿ ಚಹಾ ಮಾಡಿ ನೆಂಟರಿಗೆ ಕೊಟ್ಟೆ. ಅವರು ಮರ್ಯಾದೆಗೆ ಕುಡಿದರು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಮೂವತ್ತೊಂದು ವರ್ಷ ನಾನು ಬಿರಿಯಾನಿ ಮಾಡಿದ್ದು ಕೈಯಿಂದಲ್ಲ. ಹಿಟ್ಟು ಮೆತ್ತಿ ಮುಚ್ಚಿದ ಹಂಡೆಯ ಅಂಚಿನಿಂದ ಜಿನುಗುವ ಹಬೆಯನ್ನು ಮೂಸಿಯೇ "ಕೆಂಡ ತೆಗೆ" ಅನ್ನುತ್ತಿದ್ದೆ. ಕಣ್ಣು ಹೋದ ದರ್ಜಿ ತನ್ನ ಗಿರಾಕಿಗಳಿಗೆ ಹೇಳುತ್ತಾನೆಯೇ?

ಜನವರಿಯಲ್ಲಿ ಕೊಯಿಲಾಂಡಿಯ ಮದುವೆ. ನಾನೂರು ಜನ. ಎಂದಿನಂತೆ ಕೆಂಡ ನೋಡಿಕೊಳ್ಳಲು ಮರಿಯುಮ್ಮ ಇದ್ದಳು. ನಾನು ಅಂಚಿಗೆ ಮೂಗು ಒಡ್ಡಿ, ಏನೂ ತಿಳಿಯದೆ, ಬರೀ ಅಂದಾಜಿನ ಮೇಲೆ "ಇನ್ನೂ ಸ್ವಲ್ಪ" ಅಂದೆ. ಅವಳು "ಸಾಕು ಕಣೇ ನಬೀಸಾ" ಅಂದಳು. "ನಿನ್ನ ಕೆಲಸ ನೀನು ನೋಡ್ಕೋ" ಅಂದುಬಿಟ್ಟೆ. ಮುಚ್ಚಳ ತೆಗೆದಾಗ ಮೂರು ಹಂಡೆ ತಳ ಹಿಡಿದಿತ್ತು. ಹೊಗೆಯ ಕಮಟು ಮೇಲಿನ ಅನ್ನಕ್ಕೂ ಏರಿತ್ತಂತೆ. ನನಗೆ ಅದೂ ತಿಳಿಯಲಿಲ್ಲ, ಜನರ ಮುಖ ನೋಡಿ ತಿಳಿದುಕೊಂಡೆ.

ಹುಡುಗಿಯ ತಂದೆ ಮೆಲ್ಲಗೆ ಕೇಳಿದರು, "ನಬೀಸಕ್ಕಾ, ಏನಾಯ್ತು?"

ನಾನು ಮರಿಯುಮ್ಮನ ಕಡೆ ಬೆರಳು ತೋರಿಸಿದೆ. "ಇವಳನ್ನ ನಂಬಿ ಕೆಟ್ಟೆ. ಕೆಂಡ ಹೆಚ್ಚು ಹಾಕಿದಾಳೆ" ಅಂದೆ. ಅಷ್ಟೂ ಜನರ ಮುಂದೆ, ಗಟ್ಟಿಯಾಗಿ. ಅವಳು ಕೈ ತೊಳೆದುಕೊಂಡು, ಬಸ್ಸು ಹಿಡಿದು ಹೋದಳು. ಆಮೇಲೆ ಯಾವ ಮದುವೆ ಮನೆಯವರೂ ಅವಳನ್ನು ಕರೆಯಲಿಲ್ಲ. ಮನೆಯಲ್ಲೇ ಅಕ್ಕಿಯ ಪತ್ತಿರಿ ರೊಟ್ಟಿ ತಟ್ಟಿ ಅಂಗಡಿಗೆ ಕೊಡುತ್ತಾಳೆ ಎಂದು ಕೇಳಿದೆ. ನಾನು ಮಂಡಿನೋವಿನ ಕಥೆ ಕಟ್ಟಿ ಮನೆ ಹಿಡಿದೆ.

ಇನ್ನೊಂದು ಸುಳ್ಳಿದೆ. ನಿನ್ನ ಬೆಳಗಿನ ವಿಜ್ಞಾನ ಕಾರ್ಯಕ್ರಮ ನಾನು ಕೇಳುವುದಿಲ್ಲ ಎಂದು ಹೇಳುತ್ತಿದ್ದೆನಲ್ಲ. ಒಂದು ದಿನವೂ ತಪ್ಪಿಸಿಲ್ಲ. ನೀನು ರೇಡಿಯೋಗಾಗಿ ಕಾಲೇಜಿನ ಕೆಲಸ ಬಿಟ್ಟ ದಿನ, "ನಿನ್ನನ್ನ ಎಮ್ಮೆಸ್ಸಿ ಓದಿಸಿದ್ದು ಊರವರ ಮುಂದೆ ಕೋಡಂಗಿ ಆಗ್ಲಿ ಅಂತಾನಾ?" ಎಂದಿದ್ದೆ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ಬಾರದು. ಅದಕ್ಕೇ ಸೊಸೆ ಹಫ್ಸ ಬಟ್ಟೆ ಒಣಗಿಸಲು ಮೇಲೆ ಹೋದಮೇಲೆ ಸಣ್ಣ ದನಿಯಲ್ಲಿ ರೇಡಿಯೋ ಹಾಕುತ್ತಿದ್ದೆ. ಕಾಗೆ ತನ್ನನ್ನು ಹೆದರಿಸಿದವನ ಮುಖವನ್ನು ವರ್ಷಗಟ್ಟಲೆ ಮರೆಯುವುದಿಲ್ಲ ಎಂದು ನೀನು ಹೇಳಿದ ದಿನ, ಹಿತ್ತಲಿನ ಕಾಗೆಗೆ ಹಳೆಯದಕ್ಕೆಲ್ಲ ಕ್ಷಮೆ ಕೇಳಿ ರೊಟ್ಟಿ ಹಾಕಿದ್ದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ನೀನು ಮೂಗಿನ ವಿಷಯ ತೆಗೆದೆ. "ಜ್ವರದ ನೆಪ ಹೇಳಿ ಶಾಲೆ ತಪ್ಪಿಸೋ ಪೋರರು ಇರ್ತಾರಲ್ಲ, ಕೆಲವರ ಮೂಗೂ ಹಾಗೇ. ಬೈದ್ರೆ ಬರಲ್ಲ. ದಿನಕ್ಕೆ ಎರಡು ಸಲ ಹಾಜರಿ ಕೂಗ್ಬೇಕು" ಅಂದೆ. ಆಮೇಲೆ ಟೀಚರಾಗಿ "ಗುಲಾಬಿ? ನಿಂಬೆ? ಲವಂಗ? ನೀಲಗಿರಿ?" ಎಂದು ಕೂಗಿ, ನೀನೇ ಮೂಗಾಗಿ "ಟೀಚರ್, ಹೊಟ್ಟೆನೋವು!" ಎಂದು ಗೋಗರೆದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಗುತ್ತಿದ್ದ ಹಾಗೆ ಅಳು ಬಂತು. ಜರ್ಮನಿಯಲ್ಲಿ ಹೀಗೆ ಹನ್ನೆರಡು ವಾರ ನಾಲ್ಕು ವಾಸನೆ ಮೂಸಿದವರಲ್ಲಿ, ಮೂಸದವರಿಗಿಂತ ಹೆಚ್ಚು ಜನರಿಗೆ ವಾಸನೆ ಸುಧಾರಿಸಿತು ಎಂದೆ. "ಎಲ್ಲರಿಗೂ ಆಗತ್ತೆ ಅಂತ ಆಣೆ ಮಾಡಲ್ಲ, ಮೊದಲು ಡಾಕ್ಟರಿಗೆ ತೋರ್ಸಿ" ಅಂತಲೂ ಅಂದೆ. ತೋರಿಸಿದೆ ಮೋಳೇ. ಅವರೂ ಮೂಸುವುದನ್ನೇ ಹೇಳಿದರು.

ಆ ನಾಲ್ಕನ್ನೂ ಬಾಟಲಿಗಳಲ್ಲಿ ಇಟ್ಟುಕೊಂಡು ಬಚ್ಚಲಲ್ಲಿ ಬಾಗಿಲು ಹಾಕಿ ಶುರುಮಾಡಿದೆ. ಆರು ವಾರ ಏನೂ ಇಲ್ಲ. ಒಂದು ದಿನ ಚಿಲಕ ಹಾಕಲು ಮರೆತಿದ್ದೆ, ಹಫ್ಸ ಬಾಗಿಲು ತಳ್ಳಿದಳು. ನಾನು ಬಾಟಲಿಗೆ ಮೂಗಿಟ್ಟು "ಎಲ್ಲಿದೀಯ, ಬಾ" ಎನ್ನುತ್ತಿದ್ದೆ. "ಉಮ್ಮಾ, ಯಾರನ್ನ ಕರೀತಿದೀರಾ? ಜಿನ್ನ್ ಏನಾದ್ರೂ ಹಿಡ್ಕೊಳ್ತಾ?" ಎಂದು ಕೂಗಿಕೊಂಡಳು. ಅವಳಿಗೆ ಹೇಳಲೇಬೇಕಾಯಿತು. ಅವಳು ಬೈಯಲಿಲ್ಲ. ಮಾರನೆಯ ದಿನದಿಂದ ನಿಂಬೆಹಣ್ಣನ್ನು ಅವಳೇ ಕೊಯ್ದು ತಂದಳು. ಆ ಹುಡುಗಿಯನ್ನು ನಾನು ಇಷ್ಟು ದಿನ ಒರಟು ಅಂದುಕೊಂಡಿದ್ದೆ.

ಏಳನೆಯ ವಾರ ಲವಂಗಕ್ಕೊಂದು ವಾಸನೆ ಬಂತು. ಆದರೆ ಸುಟ್ಟ ರಬ್ಬರಿನ ಹಾಗೆ! ಇದ್ದದ್ದೂ ಕೆಟ್ಟಿತು ಎಂದುಕೊಂಡೆ. ನಿನ್ನನ್ನು ಕೇಳಲು ನಾಚಿಕೆ. ಬೇಪೂರಿನ ಸೈನಬ ಎಂದು ಹೆಸರು ಹಾಕಿ, ಹಫ್ಸಳ ಕೈಯಲ್ಲಿ ಬರೆಸಿ ನಿನ್ನ ಕಾರ್ಯಕ್ರಮಕ್ಕೆ ಕಳಿಸಿದೆ. ನಿನಗೆ ನೆನಪಿರಬಹುದು. ನೀನು ಅಂದು ತಮಾಷೆ ಮಾಡಲಿಲ್ಲ. ದನಿ ತಗ್ಗಿಸಿ, "ಸೈನಬ ಉಮ್ಮಾ, ಹೆದರ್ಬೇಡಿ. ನಿಮ್ಮ ಪೋರ ತಪ್ಪು ಉತ್ತರ ಹೇಳ್ತಿದಾನೆ. ಆದ್ರೆ ಕ್ಲಾಸಿಗಂತೂ ಬಂದಿದಾನೆ. ಇನ್ನಷ್ಟು ದಿನ ಕೂಗಿ" ಅಂದೆ. ಯಾರದೋ ತಾಯಿಗೆ ನನ್ನ ಮಗಳು ಹೀಗೆ ಮಾತಾಡುತ್ತಾಳೆ ಎಂದು ತಿಳಿದದ್ದು ಅವತ್ತು. ಆ ತಾಯಿ ನಾನೇ ಆಗಿದ್ದರೂ ನನಗೆ ಹೊಟ್ಟೆಕಿಚ್ಚಾಯಿತು.

ಈಗ ನಿಂಬೆ ಪೂರ್ತಿ ಬಂದಿದೆ. ಲವಂಗ ಹೆಚ್ಚುಕಡಿಮೆ ಲವಂಗವೇ. ನೀಲಗಿರಿ ಅರ್ಧಂಬರ್ಧ. ಗುಲಾಬಿ ಇನ್ನೂ ಇಲ್ಲ, ಬಾರದೆಯೂ ಇರಬಹುದು.

ಹೋದ ಮಂಗಳವಾರ ಮರಿಯುಮ್ಮನ ಮನೆಗೆ ಹೋದೆ. ಕಾಲು ಒಳಗಿಡುವಾಗಲೇ ಎಲ್ಲ ಹೇಳಿಬಿಟ್ಟೆ. ಅವಳು ಪತ್ತಿರಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಮೂಗು ಹೋಗಿದ್ದು ಜ್ವರ ಬಿಟ್ಟ ವಾರವೇ ನಂಗೊತ್ತಾಯ್ತು" ಅಂದಳು. "ಕೆಟ್ಟ ಬಂಗುಡೆ ಮೀನು ಮುಖದ ಹತ್ರ ಹಿಡ್ಕೊಂಡು, ಚೆನ್ನಾಗಿದೆ, ತಗೋ ಅಂದ್ಯಲ್ಲ."

"ಹಾಗಾದ್ರೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನನ್ನ ಇನ್ಯಾರು ಅಡುಗೆಗೆ ಕರೀತಿದ್ರು? ನಾನೇನು, ಕೆಂಡ ಎಳೆಯೋಳು. ನಾಲ್ಕು ದಿನಕ್ಕೆ ಮರ್ತುಹೋಗತ್ತೆ ಅಂದ್ಕೊಂಡೆ. ಆದ್ರೆ ನೀನು ಒಂದು ಸಲವೂ ಈ ಕಡೆ ಬರ್ಲಿಲ್ವಲ್ಲೇ, ನಬೀಸಾ. ಅದು ಮರ್ತುಹೋಗ್ಲಿಲ್ಲ."

ನಾನು ಅವಳ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡೆ. ಅವಳೇ, "ಬಿಡೇ, ಪತ್ತಿರಿ ಒಣಗತ್ತೆ" ಅಂದಳು. ಶುಕ್ರವಾರ ಇಬ್ಬರೂ ನಮ್ಮ ಹಿತ್ತಲಲ್ಲಿ ಒಂದು ಪುಟ್ಟ ಹಂಡೆ ಇಟ್ಟೆವು. ಹಬೆಯ ವಾಸನೆ ಅವಳಿಗೆ ಸಿಕ್ಕಿದ ಅರ್ಧ ನಿಮಿಷಕ್ಕೆ ನನಗೂ ಸಿಕ್ಕಿತು. ಇನ್ನು ಮೇಲೆ "ಕೆಂಡ ತೆಗೆ" ಅನ್ನುವವಳು ಅವಳು. ತೆಗೆಯುವವಳು ನಾನು.

ಮೋಳೇ, ಕಾಲೇಜಿನಲ್ಲಿ ನೀನು ಅರವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅಲ್ಲೇ ಇದ್ದಿದ್ದರೆ ನಿನ್ನ ಪಾಠ ನಿನ್ನ ಉಮ್ಮನ ಬಚ್ಚಲಿನವರೆಗೆ ಬರುತ್ತಿರಲಿಲ್ಲ. ಅಂದು ನಾನಾಡಿದ್ದು ತಪ್ಪು ಮಾತು. ನೋಡು, ಬರೆದುಬಿಟ್ಟೆ.

ರಜೆ ಸಿಕ್ಕಾಗ ಬಾ. ಹಫ್ಸಳಿಗೊಂದು ಒಳ್ಳೆಯ ಸೀರೆ ತಾ.

ನಿನ್ನ ದನಿಯನ್ನು ದಿನವೂ ಕದ್ದು ಕೇಳುವ
ಉಮ್ಮ, ನಬೀಸ

ಮರೆತ ಮಾತು: ಮರಿಯುಮ್ಮ ಕ್ಷಮಿಸಿದಳು, ಆದರೆ ಆ ನಾನೂರು ಜನರಿಗೆ ಇದು ಗೊತ್ತಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಹೇಳಲು ನನ್ನಿಂದಾಗದು. ಕೊಯಿಲಾಂಡಿಯವರೆಲ್ಲ ಬೆಳಿಗ್ಗೆ ನಿನ್ನನ್ನೇ ಕೇಳುತ್ತಾರಂತೆ. ಈ ಕಾಗದವನ್ನು ರೇಡಿಯೋದಲ್ಲಿ ಓದು. ನಗಿಸಬೇಕೆನಿಸಿದರೆ ನಗಿಸು. ಹಂಡೆ ಸುಟ್ಟದ್ದು ಯಾರಿಂದ ಎಂಬಲ್ಲಿ ಮಾತ್ರ ನಿಧಾನವಾಗಿ ಓದು, ಎರಡು ಸಲ ಓದು. ಹೆಸರು ಬದಲಿಸಬೇಡ.