ಮದುವೆಯ ಅಧ್ಯಾಯ

೧೨ ಜನವರಿ ೧೯೬೭, ಗುರುವಾರ. ಸಿಂಧನೂರು.

ಇವತ್ತು ಗ್ರಂಥಾಲಯದ ಕಾರ್ಯಕ್ರಮ ಮುಗಿಯಲೇ ಒಲ್ಲದಾಯಿತು. ಲೇಖಕರು ತಮ್ಮ ಹೊಸ ಕಾದಂಬರಿಯ ಕೊನೆಯ ಅಧ್ಯಾಯ ಓದಿ, ನಾಯಕಿ ಕಾಲುವೆಗೆ ಹಾರಿದಲ್ಲಿಗೆ ಪುಸ್ತಕ ಮುಚ್ಚಿದರು. ನಾನು ವಂದನಾರ್ಪಣೆಗೆ ಎದ್ದೆ. ಹೆಂಗಸರು ಏಳಲಿಲ್ಲ. ಪುರಾಣ ಓದುವಾಗ ಸಾವಿನ ಸಂಧಿಗೆ ನಿಲ್ಲಿಸುವ ರೂಢಿ ನಮ್ಮಲ್ಲಿಲ್ಲ; ಶುಭದ ಸಂಧಿ ಓದಿಸಿಯೇ ಏಳಬೇಕು. ಅವರಿಗೆ ಇದೂ ಪುರಾಣವೇ.

"ಸತ್ತಲ್ಲಿಗೆ ನಿಂದ್ರಸಬಾರದ್ರೀ, ಮುಂದ ಓದ್ರಿ," ಎಂದಳು ಜವಳಗೇರಾದ ಗ್ಯಾನಮ್ಮ.

"ಮುಂದೆ ಇಲ್ಲಮ್ಮ, ಕಥೆ ಅಲ್ಲಿಗೇ ಮುಗಿಯಿತು," ಎಂದರು ಲೇಖಕರು.

"ಹಂಗಾರ ಹಿಂದಕ್ಕ ಹೋಗ್ರಿ. ಆಕಿ ಲಗ್ನ ಓದ್ರಿ."

ಅವರು ಹಾಳೆ ತಿರುವಿ ಮದುವೆ ಓದಿದರು. ಹೆಂಗಸರು ಕೈಮುಗಿದು ಎದ್ದರು.

ಬಸ್ಸಿಗೆ ಕಾಯುವಾಗ ಲೇಖಕರು ನಕ್ಕು, ಆ ಹೆಂಗಸಿಗೆ ಕಾದಂಬರಿ ಎಂದರೇನೆಂದು ತಿಳಿಯದು ಎಂದರು. ಹೋದ ವರ್ಷ ಗ್ಯಾನಮ್ಮನ ಮಗಳ ಹೆಣವನ್ನು ಕಾಲುವೆಯಿಂದ ಎತ್ತಿ ತೆಗೆದದ್ದನ್ನು ಹೇಳೋಣವೆನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು.