ಸದ್ದು ಮಾಡದ ತಟ್ಟೆಗಳ ಮನೆಯಿಂದ

ಹುಬ್ಬಳ್ಳಿ
೩೦ ಫೆಬ್ರುವರಿ ೨೧೩೧

ತಟ್ಟೆ-ಲೋಟದ ಕಾರ್ಖಾನೆಯ ಮಾಲೀಕರಾದ ಮಹಾರುದ್ರಪ್ಪ ಸಾಹುಕಾರರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಎರಡು ದಿನ ಕಳೆದುಕೊಂಡು ಕುಂಟುತ್ತಿದ್ದ ಫೆಬ್ರುವರಿಗೂ ನಾವು ಪರಿಹಾರ ಕೊಟ್ಟಿದ್ದೇವೆ. ನಾನು ಬರೆಯುತ್ತಿರುವುದು ಎರಡು ಬೆರಳು ಕಳೆದುಕೊಂಡವಳ ವಿಷಯ. ನೂರು ವರ್ಷ ಹಿಂದಿರುವ ನಿಮಗೆ ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಮಾತ್ರ ಹಳೆಯದೇ, ಗುರುತು ಸಿಗುತ್ತದೆ.

ನಾನು ನಿಮ್ಮ ಕೆಲಸಗಾರ್ತಿ ನೀಲವ್ವನ ಮರಿಮೊಮ್ಮಗಳ ಮಗಳು. ನಿಮ್ಮ ಲೆಕ್ಕದಲ್ಲಿ ಮೊನ್ನೆ, ತಟ್ಟೆ ಒತ್ತುವ ಯಂತ್ರಕ್ಕೆ ಅವಳ ಬೆರಳು ಸಿಕ್ಕವು. ನಿನ್ನೆ ನೀವು ಅಯ್ಯನವರನ್ನು ಕರೆಸಿ ಯಂತ್ರಕ್ಕೆ ವಿಭೂತಿ ಬಳಿಸಿ, ಚೆಂಡುಹೂವಿನ ಹಾರ ಹಾಕಿಸಿ, ಬೂದುಗುಂಬಳ ಒಡೆಸಿದಿರಿ. ಪಾಪ, ಅದಕ್ಕೂ ಗಾಬರಿಯಾಗಿತ್ತಲ್ಲ. ಆಮೇಲೆ ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ನಿಂತು ನೀಲವ್ವನಿಗೆ ಧೈರ್ಯ ಹೇಳಿದಿರಿ: "ಏನೂ ಆಗಿಲ್ಲ ಬಿಡವಾ, ಇನ್ನೂ ಎಂಟ ಅದಾವಲ್ಲ. ಗಾಯ ಮಾದ ಮ್ಯಾಲ ಅದ ಮಷಿನ್ನಿಗೆ ಬಾ, ಅಂಜಿಕಿ ತಾನ ಹೋಗತೈತಿ."

"ಸಾಹುಕಾರ್ರ, ನನಗ ಆ ಸಪ್ಪಳಾ..." ಎಂದಳು ಅವಳು. ನೀವು ಬಾಳೆಹಣ್ಣು ಕೈಗಿಟ್ಟಿರಿ. ಯಾವ ಕೈಗೆ ಎಂದು ನೋಡಲೂ ಇಲ್ಲ.

ಯಂತ್ರಕ್ಕೆ ಶಾಂತಿ ಮಾಡಿಸಿದಿರಿ, ಮನುಷ್ಯಳಿಗೆ ಶಾಂತವಾಗಿರು ಅಂದಿರಿ. ಎಂಥ ನ್ಯಾಯ.

ಆ ಅರ್ಧ ಮಾತು ನಮ್ಮ ಮನೆಗೆ ಬಂದು ಕೂತಿತು, ಎದ್ದೇ ಹೋಗಲಿಲ್ಲ. ತಟ್ಟೆ ಠಣ್ ಎಂದರೆ ನೀಲವ್ವ ಬೆವೆತು, ಕೈಯನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದಳು. ಮಕ್ಕಳು ತಟ್ಟೆಯ ಕೆಳಗೆ ಬಟ್ಟೆ ಹಾಸುವುದನ್ನು ಕಲಿತರು. ಅವರ ಮೊಮ್ಮಕ್ಕಳು ಬಟ್ಟೆ ಉಳಿಸಿಕೊಂಡು ಕಾರಣ ಮರೆತರು. ನಾನಂತೂ ಇದು ನಮ್ಮ ಮನೆತನದ ನಾಜೂಕು ಎಂದು ಬೀಗುತ್ತಿದ್ದೆ.

ಕಳೆದ ತಿಂಗಳು ಕೆಲಸದಲ್ಲಿ ಗಾಳಿಬಂಡಿಯ ರೆಕ್ಕೆ ನನ್ನ ಕಾಲ ಮೇಲೆ ಬಿತ್ತು. ನಮ್ಮಲ್ಲಿ ಹಾಗಾದರೆ ವೈದ್ಯರ ಹಿಂದೆಯೇ ಕೇಳುಗಿತ್ತಿ ಬರುತ್ತಾಳೆ. ನಿಮ್ಮ ಕಾಲದ ಸೂಲಗಿತ್ತಿ ಮಗುವನ್ನು ಹೊರತರುತ್ತಿದ್ದಂತೆ ಇವಳು ಒಳಗೆ ಸಿಕ್ಕಿಕೊಂಡ ಮಾತನ್ನು ಹೊರತರುತ್ತಾಳೆ. ನೀವು ಅದಕ್ಕೆ ಆಪ್ತಸಮಾಲೋಚನೆ ಅನ್ನುತ್ತಿದ್ದಿರಂತೆ; ಹೆಸರು ಉದ್ದ, ಕೈಗೆ ಸಿಗುತ್ತಿದ್ದದ್ದು ಗಿಡ್ಡ. ಗಾಯಕ್ಕೆ ರಜೆ ಮುಗಿದ ಮೇಲೆ ಅಳುರಜೆ ಬೇರೆ ಇದೆ ನಮಗೆ; ಅತ್ತೆವೋ ಇಲ್ಲವೋ ಎಂದು ಯಾರೂ ತಪಾಸಣೆಗೆ ಬರುವುದಿಲ್ಲ. ಕೇಳುಗಿತ್ತಿ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೇಳಿದಳು, ತಟ್ಟೆಯ ಕೆಳಗೆ ಈ ಬಟ್ಟೆ ಯಾಕೆ ಎಂದು. ನನಗೆ ಗೊತ್ತಿರಲಿಲ್ಲ. ನೀಲವ್ವನ ಮೊಮ್ಮಗಳಾದ ನನ್ನ ಅಜ್ಜಿ ಮೂಲೆಯಿಂದ ಎಲ್ಲವನ್ನೂ ಹೇಳಿದಳು, ನಿಮ್ಮ ಬಾಳೆಹಣ್ಣಿನವರೆಗೆ. ಮುಗಿಸಿ ಅತ್ತಳು. ತನ್ನದಲ್ಲದ ಬೆರಳಿಗೆ, ತೊಂಬತ್ತು ದಾಟಿದ ಮೇಲೆ.

ಸಾಹುಕಾರರೇ, ಗಾಯ ನೀಲವ್ವನಿಗಾಯಿತು, ಗಾಬರಿ ನಮಗೆಲ್ಲ ಹಂಚಿಕೆಯಾಯಿತು. ಇಂಥ ಆಸ್ತಿ ನಮಗೆ ಬೇಡ.

ಇವತ್ತು ಸಂಜೆ ಮತ್ತೆ ಆಸ್ಪತ್ರೆಗೆ ಹೋಗಿ. ಹಣ್ಣು ಬೇಡ. ಇಂಥ ಮಾತು ಕೇಳಲು ಕಲಿತವರನ್ನು ಕರೆದೊಯ್ಯಿರಿ, ಅವರಿಗೊಂದು ಕುರ್ಚಿ ಹಾಕಿ, ನೀವು ಹೊರಗಿರಿ. "ನನಗ ಆ ಸಪ್ಪಳಾ" ಎಂಬಲ್ಲಿಂದ ಮುಂದಿನದನ್ನು ಅವಳು ಹೇಳಿ ಮುಗಿಸಲಿ. ಆ ಯಂತ್ರಕ್ಕೆ ಮರಳುವುದೋ ಬೇಡವೋ ಅವಳೇ ತೀರ್ಮಾನಿಸಲಿ.

ನೀವು ಉತ್ತರ ಬರೆಯಬೇಕಾಗಿಲ್ಲ; ಹೋದಿರೋ ಇಲ್ಲವೋ ನನಗೆ ಇಲ್ಲೇ ತಿಳಿಯುತ್ತದೆ. ಊಟದ ಹೊತ್ತಾಯಿತು. ತಟ್ಟೆಯ ಕೆಳಗೆ ಕೈಯಾಡಿಸಿ ನೋಡುತ್ತೇನೆ, ಬಟ್ಟೆ ಇನ್ನೂ ಇದೆಯೇ ಎಂದು.

ಇಂಚರಾ